ಲೈಟ್ ಆರಿಸಿ, ದೂರ ಕೂತು ಕಾಯಿರಿ: ಹೆರಿಗೆಗೆ ಸಿದ್ಧವಾಗುವವರಿಗೆ

ನಮ್ಮ ಚಂದ್ರಿ ಚೊಚ್ಚಲು ಈಯುವ ರಾತ್ರಿ ಕೊಟ್ಟಿಗೆಯ ಮುಂದೆ ಜಾತ್ರೆಯೇ ಸೇರಿತ್ತು. ಪಂಢರಪುರಿ ಎಮ್ಮೆ ಅದು. ಕತ್ತಿಯಂತೆ ಹಿಂದಕ್ಕೆ ಚಾಚಿದ ಉದ್ದ ಕೋಡು. ಮಾವ ಬ್ಯಾಟರಿ ಹಿಡಿದಿದ್ದರು. ಪಕ್ಕದ ಮನೆಯ ಕಾಕಾ ಹಗ್ಗ ತಂದಿದ್ದರು. ಓಣಿಯ ಹುಡುಗರು ಗೋಡೆ ಹತ್ತಿ ಕೂತಿದ್ದರು. ಮಲಗಿ ಏಳುತ್ತಿದ್ದ ಚಂದ್ರಿ ಎದ್ದು ನಿಂತಿತು. ಬೇನೆಯೇ ಇಲ್ಲವೇನೋ ಎಂಬಂತೆ ಜನರನ್ನೇ ನೋಡುತ್ತಾ ಒಂದು ತಾಸು ಹಾಗೇ ನಿಂತಿತ್ತು.

ಆಗ ಅತ್ತೆ ಹೊರಗೆ ಬಂದರು. "ಎಲ್ಲಾರೂ ಮನಿಗೆ ನಡೀರಿ. ಇದೇನ್ ನಾಟಕ ಏನ್ ನೋಡಾಕ?" ಎಂದು ಎಲ್ಲರನ್ನೂ ಕಳಿಸಿದರು. ಲೈಟ್ ಆರಿಸಿದರು. ನನ್ನೊಬ್ಬಳನ್ನು ಇಟ್ಟುಕೊಂಡು ಕಣಿಕೆ ಬಣವೆಯ ಬದಿಗೆ ಗೋಣಿಚೀಲ ಹಾಸಿ ಕೂತರು. ಎಮ್ಮೆಗೆ ನಾವು ಕಾಣಬಾರದು, ನಮಗೆ ಎಮ್ಮೆ ಕಾಣಬೇಕು, ಅಷ್ಟು ದೂರ. ನಾನು ಎರಡು ಸಲ ಏಳಲು ಹೋದೆ. "ಕುಂದ್ರವ್ವಾ, ಅದಕ್ಕ ಅದರ ಕೆಲಸ ಗೊತ್ತೈತಿ" ಎಂದರು. ಅರ್ಧ ತಾಸಿಗೆ ಚಂದ್ರಿ ಮತ್ತೆ ಮಲಗಿತು. ನೀರಿನ ಚೀಲ ಕಂಡಿತು, ಒಡೆಯಿತು. ಎರಡು ಗೊರಸು ಬಂದವು, ಅವುಗಳ ಮೇಲೆ ಒರಗಿದ ಮೂಗು. ಕಾಕಾನ ಹಗ್ಗ ಗೋಡೆಗೆ ನೇತಾಡುತ್ತಲೇ ಇತ್ತು.

ಅದಕ್ಕೆ ಎರಡು ವರ್ಷ ಮೊದಲು, 1997ರಲ್ಲಿ, ನಾನು ಮಗಳನ್ನು ಹಡೆದಿದ್ದೆ. ಒಂದು ಖಾಸಗಿ ಆಸ್ಪತ್ರೆಯಲ್ಲಿ. ಮನೆಯಲ್ಲಿ ಚೆನ್ನಾಗಿ ಬರುತ್ತಿದ್ದ ಬೇನೆ ಅಲ್ಲಿ ಟೇಬಲ್ ಮೇಲೆ ಅಂಗಾತ ಮಲಗಿಸಿದ ಕೂಡಲೇ ನಿಂತುಬಿಟ್ಟಿತು. ಕಣ್ಣಿಗೆ ಹೊಡೆಯುವ ಟ್ಯೂಬ್‌ಲೈಟ್. ಬಾಗಿಲು ತೆಗೆದು ಬರುವವರು, ಹೋಗುವವರು. ನನ್ನ ಅವ್ವನನ್ನು ಹೊರಗೇ ನಿಲ್ಲಿಸಿದ್ದರು. ಸಲೈನ್‌ನಲ್ಲಿ ಔಷಧ ಬಿಟ್ಟರು, ಹೊಟ್ಟೆ ಒತ್ತಿದರು, "ಮುಕ್ಕು, ಮುಕ್ಕು" ಎಂದು ಬೈದರು. ಕೂಸು ಹುಷಾರಾಗಿ ಬಂತು, ಅದಕ್ಕೆ ಇವತ್ತಿಗೂ ದೇವರಿಗೆ ಕೈ ಮುಗಿಯುತ್ತೇನೆ. ಆದರೆ ನನಗೆ ಹಡೆಯಲು ಬರುವುದಿಲ್ಲ ಎಂಬ ಮಾತು ತಲೆಯಲ್ಲಿ ಕೂತುಬಿಟ್ಟಿತ್ತು. ಕತ್ತಲಲ್ಲಿ ಚಂದ್ರಿ ಕರುವನ್ನು ನೆಕ್ಕುವ ಸದ್ದು ಕೇಳುತ್ತಾ ಕೂತಾಗ ನನಗೆ ಅಳು ಬಂತು. ನನ್ನ ಮೈಯೂ ಅವತ್ತು ಈ ಎಮ್ಮೆಯ ಹಾಗೆ ಹೆದರಿ ನಿಂತಿತ್ತು, ಅಷ್ಟೇ.

ನಮ್ಮದು ಮುಧೋಳ ತಾಲ್ಲೂಕಿನಲ್ಲಿ ಘಟಪ್ರಭಾ ದಂಡೆಯ ಊರು. ಹದಿನೈದು ವರ್ಷದಿಂದ ನಾನು ಆಶಾ ಕಾರ್ಯಕರ್ತೆ. ಬೆಳಗ್ಗೆ ಸೆಗಣಿ ಬಳಿದು, ಹಾಲು ಕರೆದು, ಆಮೇಲೆ ಬಸುರಿಯರ ಮನೆಗೆ ಹೋಗುತ್ತೇನೆ. ರಾತ್ರಿ ಯಾರಿಗಾದರೂ ಬೇನೆ ಬಂದರೆ 108ರಲ್ಲಿ ಅವರ ಪಕ್ಕ ಕೂತು ಆಸ್ಪತ್ರೆಗೆ ಹೋಗುತ್ತೇನೆ. ಈಗ ನನ್ನ ಮಗಳೇ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಅವಳಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹಾಲು ಬಿಡದ ಎಮ್ಮೆ

ಎಮ್ಮೆ ಕರೆದವರಿಗೆ ಇದು ಗೊತ್ತು. ಹೊಸಬರು ಕರೆಯಲು ಕೂತರೆ ಹಾಲು ಇಳಿಯುವುದಿಲ್ಲ. ನಾಯಿ ಬೊಗಳಿದರೂ ಅಷ್ಟೇ, ಹೊಡೆದರೂ ಅಷ್ಟೇ. ಕೆಚ್ಚಲು ತುಂಬಿರುತ್ತದೆ, ಮೊಲೆಯಲ್ಲಿ ಹನಿ ಇಲ್ಲ. ಅದೇ ಕರು ಬಂದು ಎರಡು ಸಲ ಗುದ್ದಿದರೆ ಹಾಲು ಹರಿಯುತ್ತದೆ. ಕರು ಸತ್ತರೆ ಅದರ ಚರ್ಮಕ್ಕೆ ಹುಲ್ಲು ತುಂಬಿ ಮುಂದೆ ನಿಲ್ಲಿಸುತ್ತಿದ್ದ ಕಾಲವೂ ಇತ್ತು. ಆ ವಾಸನೆಗೇ ಎಮ್ಮೆ ಹಾಲು ಬಿಡುತ್ತಿತ್ತು.

ಹೀಗೆ ಹಾಲು ಇಳಿಸುವ ರಸದ ಹೆಸರು ಆಕ್ಸಿಟೋಸಿನ್. ಅದು ಮೆದುಳಿನಿಂದ ಬರುತ್ತದೆ. ಗರ್ಭಕೋಶವನ್ನು ಹಿಂಡಿ ಬೇನೆ ತರಿಸುವುದೂ ಅದೇ ರಸ. ಎಮ್ಮೆಯಲ್ಲೂ ಅದೇ, ನಮ್ಮಲ್ಲೂ ಅದೇ. ಹೆದರಿದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಓಡು ಇಲ್ಲವೇ ಕಾದಾಡು ಎನ್ನುವ ರಸ ಅದು. ಅದು ಜಾಸ್ತಿಯಾದರೆ ಬೇನೆ ಸಡಿಲವಾಗುತ್ತದೆ. ಅಡವಿಯಲ್ಲಿ ತೋಳ ಬಂದಾಗ ಅರ್ಧ ಈದು ಮಲಗಿರಲು ಆಗುತ್ತದೆಯೇ? ಮೊದಲು ತಪ್ಪಿಸಿಕೊಳ್ಳಬೇಕು. ಮೈ ಅದಕ್ಕೇ ತಡೆಯುತ್ತದೆ.

ಇದೇ ಆಕ್ಸಿಟೋಸಿನ್ ಸೂಜಿಯನ್ನು ಹಾಲಿಗಾಗಿ ಎಮ್ಮೆಗಳಿಗೆ ಕದ್ದುಮುಚ್ಚಿ ಚುಚ್ಚುವವರು ಇದ್ದಾರೆ. ಅದಕ್ಕೇ 2018ರಲ್ಲಿ ಕೇಂದ್ರ ಸರ್ಕಾರ ಈ ಔಷಧದ ತಯಾರಿಕೆಗೆ ಕಟ್ಟುಪಾಡು ಹಾಕಲು ಹೊರಟಿತ್ತು. ನಮ್ಮ ಮನೆಯಲ್ಲಿ ಯಾರೂ ಚುಚ್ಚಿಲ್ಲ. ಕರುವನ್ನು ಬಿಟ್ಟು, ಕೆಚ್ಚಲು ತೊಳೆದು, ನಾಲ್ಕು ಮಾತಾಡಿಸಿ ಕರೆಯುತ್ತೇವೆ. ಹೆರಿಗೆಯಲ್ಲಿ ಈ ಸೂಜಿಯ ಕೆಲಸ ಬೇರೆ. ಅದು ಜೀವ ಉಳಿಸುವ ಔಷಧ. ಆ ಮಾತು ಮುಂದೆ ಬರುತ್ತದೆ.

ಮೊದಲೇ ಮಾಡಿಟ್ಟುಕೊಳ್ಳುವುದು

ಎಮ್ಮೆ ಗಬ್ಬ ಆದ ದಿನವನ್ನು ನಾವು ಕ್ಯಾಲೆಂಡರಿನಲ್ಲಿ ಬರೆಯುತ್ತೇವೆ. ಎಮ್ಮೆಗೆ ಸುಮಾರು 310 ದಿನ, ಆಕಳಿಗೆ 280, ಆಡಿಗೆ 150. ಆದರೆ 310ನೇ ದಿನ ಈಯಲಿಲ್ಲ ಎಂದು ಯಾರೂ ಗಾಬರಿಯಾಗುವುದಿಲ್ಲ. ಕೆಚ್ಚಲು ಬಿಟ್ಟಿದೆಯೇ, ಬಾಲದ ಬುಡ ಸಡಿಲವಾಗಿದೆಯೇ, ಲೋಳೆ ಇಳಿದಿದೆಯೇ ನೋಡುತ್ತೇವೆ. ನಮಗೂ ಕಡೆಯ ಮುಟ್ಟಿನಿಂದ 280 ದಿನ ಎಂಬುದು ಅಂದಾಜು. 37 ವಾರ ತುಂಬಿದ ಮೇಲೆ ಯಾವಾಗ ಬಂದರೂ ದಿನ ತುಂಬಿದ ಕೂಸೇ. ಬರೆದುಕೊಟ್ಟ ತಾರೀಖಿನಂದೇ ಹಡೆಯುವವರು ಬಹಳ ಕಡಿಮೆ. ಅವತ್ತು ಬೇನೆ ಬರಲಿಲ್ಲ ಎಂದು ಬೀಗರೆಲ್ಲ ಫೋನ್ ಮಾಡಿದರೆ ಉತ್ತರ ಕೊಡುತ್ತಾ ಕೂರಬೇಡಿ. ಆದರೆ 41 ವಾರ ಆದರೆ ಡಾಕ್ಟರ್ ಹೇಳಿದಂತೆ ಕೇಳಿ. ಆಗ ಸುಮ್ನೆ ಕಾಯುವುದು ಸರಿಯಲ್ಲ.

ತಾಯಿ ಕಾರ್ಡ್ ಮಾಡಿಸಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರ್ ಬಸುರಿಯರನ್ನು ಪುಕ್ಕಟೆ ನೋಡುತ್ತಾರೆ. ಬಿಪಿ, ರಕ್ತ, ಕೂಸು ಮಲಗಿರುವ ರೀತಿ ಎಲ್ಲ ಅಲ್ಲಿ ಗೊತ್ತಾಗುತ್ತದೆ. ಕಬ್ಬಿಣಾಂಶದ ಗುಳಿಗೆ ಬಿಡಬೇಡಿ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ರಕ್ತ ಕಡಿಮೆ ಇರುವುದೇ ದೊಡ್ಡ ತೊಂದರೆ. ಗಬ್ಬದ ಎಮ್ಮೆಗೆ ಹಿಂಡಿ ಜಾಸ್ತಿ ಹಾಕಿ ಮನೆಯ ಸೊಸೆಗೆ ಉಳಿದ ರೊಟ್ಟಿ ಕೊಡುವ ಮನೆಗಳನ್ನು ಕಂಡಿದ್ದೇನೆ. ಹೇಳಿಯೂ ಬಂದಿದ್ದೇನೆ.

ಆಸ್ಪತ್ರೆಯನ್ನು ಮೊದಲೇ ನೋಡಿಕೊಂಡು ಬನ್ನಿ. ಎಂಟು ತಿಂಗಳಲ್ಲೇ ಒಂದು ದಿನ ಹೋಗಿ ಹೆರಿಗೆ ಕೋಣೆ ಎಲ್ಲಿದೆ, ಸಂಡಾಸ ಎಲ್ಲಿದೆ, ಸಿಸ್ಟರ್ ಯಾರು ಎಂದು ತಿಳಿದುಕೊಳ್ಳಿ. ಎಮ್ಮೆಯನ್ನು ಈಯುವ ಜಾಗಕ್ಕೆ ಕೆಲವು ದಿನ ಮೊದಲೇ ಕಟ್ಟುತ್ತೇವಲ್ಲ, ಹಾಗೆ. ಗುರುತಿರುವ ಜಾಗದಲ್ಲಿ ಭಯ ಅರ್ಧ ಇಳಿಯುತ್ತದೆ. "ನನ್ನ ಜೊತೆ ಒಬ್ಬರು ಒಳಗೆ ಇರಬಹುದಾ?" ಎಂದು ಆಗಲೇ ಕೇಳಿ. ಕೇಂದ್ರ ಸರ್ಕಾರದ ಲಕ್ಷ್ಯ ಎಂಬ ಕಾರ್ಯಕ್ರಮ 2017ರ ಕೊನೆಗೆ ಶುರುವಾಯಿತು. ಹೆರಿಗೆ ಕೋಣೆಯಲ್ಲಿ ಹೆಣ್ಣುಮಕ್ಕಳನ್ನು ಗೌರವದಿಂದ ನಡೆಸಿಕೊಳ್ಳಬೇಕು, ಜೊತೆಗೊಬ್ಬರನ್ನು ಬಿಡಬೇಕು ಎಂಬುದು ಅದರಲ್ಲೇ ಇದೆ. ಹಾಗಾಗಿ ಕೇಳಲು ಸಂಕೋಚ ಬೇಡ.

ಯಾರನ್ನು ಕರೆದೊಯ್ಯಬೇಕು ಎಂಬುದನ್ನು ನೀವೇ ಆರಿಸಿ. ಅವ್ವ ಆಗಬಹುದು, ಅತ್ತೆ ಆಗಬಹುದು, ಅಕ್ಕ ಆಗಬಹುದು. ಬಹಳ ಮಾತಾಡುವವರು ಬೇಡ. ನೀವು ಕೂಗಿದರೆ ತಾವೇ ಅಳುವವರೂ ಬೇಡ. ಕುಬಸಕ್ಕೆ ಬಂದವರು ಉಡಿ ತುಂಬುತ್ತಲೇ "ನಮ್ಮ ನಾದಿನಿಗೆ ಮೂರು ದಿನ ಬೇನೆ" ಎಂದು ಕತೆ ಶುರು ಮಾಡುತ್ತಾರೆ ನೋಡಿ. ಅಂಥ ಮಾತನ್ನು ಮಗಳ ಕಿವಿಗೆ ಬೀಳದಂತೆ ನಾನು ಅಲ್ಲೇ ನಿಲ್ಲಿಸಿದೆ. ಅವರಿಗೆ ಬೇಜಾರಾಯಿತು. ಆಗಲಿ.

ಬೇನೆ ಶುರುವಾದಾಗ

ಮೊದಲ ಬೇನೆಗೇ ಚೀಲ ಎತ್ತಿಕೊಂಡು ಓಡಬೇಡಿ. ಚೊಚ್ಚಲಲ್ಲಿ ಮೊದಲ ಹಂತ ಬಹಳ ನಿಧಾನ. ಬೇನೆ ಬರುತ್ತದೆ, ಹೋಗುತ್ತದೆ, ಒಂದು ಹಗಲು ಒಂದು ರಾತ್ರಿ ಹೀಗೇ ನಡೆಯಬಹುದು. ಎದ್ದು ಓಡಾಡಿದರೆ ಅಥವಾ ಮಲಗಿದರೆ ಕಡಿಮೆಯಾಗುವ ಬೇನೆ ಸುಳ್ಳು ಬೇನೆ. ಏನು ಮಾಡಿದರೂ ಏರುತ್ತಾ, ಹತ್ತಿರ ಹತ್ತಿರ ಬರುವುದು ನಿಜವಾದ ಬೇನೆ.

ಆ ಹೊತ್ತಿನಲ್ಲಿ ಎಮ್ಮೆ ಏನು ಮಾಡುತ್ತದೆ? ಗುಂಪು ಬಿಟ್ಟು ಮೂಲೆಗೆ ಹೋಗುತ್ತದೆ. ಸುತ್ತುತ್ತದೆ. ಮಲಗುತ್ತದೆ, ಏಳುತ್ತದೆ, ಮಗ್ಗಲು ಬದಲಿಸುತ್ತದೆ. ನಡುವೆ ಒಂದೆರಡು ಕಣಿಕೆಗೆ ಬಾಯಿ ಹಾಕುತ್ತದೆ. ಒಂದು ಬೇನೆ ಹೋಗಿ ಇನ್ನೊಂದು ಬರುವವರೆಗೆ ಸುಮ್ಮನಿರುತ್ತದೆ. ನೀವೂ ಹಾಗೇ ಮಾಡಿ. ಮನೆಯಲ್ಲೇ ಓಡಾಡಿ. ಬೇನೆ ಬಂದಾಗ ಬಾಗಿಲಿಗೋ ಕಿಟಕಿಗೋ ಒರಗಿ ಮುಂದಕ್ಕೆ ಬಾಗಿ ನಿಲ್ಲಿ. ಇಲ್ಲವೇ ಮೊಣಕಾಲೂರಿ ಮಂಚದ ಮೇಲೆ ತಲೆ ಇಡಿ. ಸೊಂಟದ ಕೆಳಗೆ ಅಂಗೈಯಿಂದ ಗಟ್ಟಿಯಾಗಿ ಒತ್ತಲು ಹೇಳಿ, ಬಹಳ ಹಿತವಾಗುತ್ತದೆ. ಬಿಸಿನೀರು ಮೈಮೇಲೆ ಹಾಕಿಕೊಳ್ಳಿ. ಜೋಳದ ಗಂಜಿ, ಮಜ್ಜಿಗೆ, ಚಹಾ, ಯಾವುದು ಹೋಗುತ್ತದೋ ಅದನ್ನು ಸ್ವಲ್ಪ ಸ್ವಲ್ಪ ಕುಡಿಯಿರಿ. ಏನೂ ತಿನ್ನಬೇಡ ಎಂದು ಡಾಕ್ಟರ್ ಹೇಳಿದ್ದರೆ ಮಾತ್ರ ಬೇಡ. ಕೂಗಬೇಕು ಅನಿಸಿದರೆ ದನಿ ಕೆಳಗಿಳಿಸಿ "ಆ" ಎನ್ನಿ. ಕಿರುಚಿದರೆ ಹೆಗಲು, ದವಡೆ ಬಿಗಿಯುತ್ತವೆ. ಬಾಯಿ ಸಡಿಲ ಬಿಟ್ಟರೆ ಕೆಳಗೂ ಸಡಿಲವಾಗುತ್ತದೆ ಎಂದು ಅತ್ತೆ ಹೇಳುತ್ತಿದ್ದರು.

ರಾತ್ರಿಯಾಗಿದ್ದರೆ ನಡುನಡುವೆ ನಿದ್ದೆ ಮಾಡಿ. ಐದು ನಿಮಿಷದ ನಿದ್ದೆಯೂ ನಿದ್ದೆಯೇ.

ಐದು ನಿಮಿಷಕ್ಕೊಮ್ಮೆ, ಸುಮಾರು ಒಂದು ನಿಮಿಷ ನಿಲ್ಲುವ ಬೇನೆ ಒಂದು ತಾಸು ಬಿಡದೆ ಬಂದರೆ ಹೊರಡಿ. ಆಸ್ಪತ್ರೆ ದೂರ ಇದ್ದರೆ, ಅಥವಾ ಎರಡನೆಯ ಹೆರಿಗೆಯಾದರೆ, ಅದಕ್ಕೂ ಮೊದಲೇ ಹೊರಡಬೇಕು. ಕಬ್ಬಿನ ಸೀಜನ್‌ನಲ್ಲಿ ಟ್ರ್ಯಾಕ್ಟರ್‌ಗಳ ಹಿಂದೆ ಸಿಕ್ಕಿಕೊಂಡರೆ ಹದಿನೈದು ನಿಮಿಷದ ದಾರಿ ಮುಕ್ಕಾಲು ತಾಸು ಆಗುತ್ತದೆ. ಆ ಲೆಕ್ಕ ಇಟ್ಟುಕೊಳ್ಳಿ. ನೀರು ಒಡೆದರೆ ಬೇನೆ ಇಲ್ಲದಿದ್ದರೂ ಹೊರಡಿ.

ಆಸ್ಪತ್ರೆಯಲ್ಲಿ ಕೊಟ್ಟಿಗೆಯ ಕತ್ತಲು

ಆಸ್ಪತ್ರೆಗೆ ಹೋದ ಕೂಡಲೇ ಬೇನೆ ನಿಧಾನವಾದರೆ ಹೆದರಬೇಡಿ. ಜಾಗ ಬದಲಾಯಿತು ಅಷ್ಟೇ. ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಳ್ಳಿ. ಜೊತೆಗಿರುವವರು ಫೋನ್ ಆಫ್ ಮಾಡಲಿ. "ಸಿಸ್ಟರ್, ಆ ಒಂದು ಲೈಟ್ ಆರಿಸ್ತೀರಾ?" ಎಂದು ಮೆಲ್ಲಗೆ ಕೇಳಲಿ. ನಾನು ಎಷ್ಟೋ ಸಲ ಕೇಳಿದ್ದೇನೆ. ಹೆಚ್ಚಿನವರು ಆರಿಸುತ್ತಾರೆ. ಅವರೂ ಹಗಲು ರಾತ್ರಿ ದುಡಿಯುವ ಹೆಣ್ಣುಮಕ್ಕಳು, ಮರ್ಯಾದೆಯಿಂದ ಕೇಳಿದರೆ ಕೇಳುತ್ತಾರೆ.

ಅಂಗಾತ ಮಲಗಬೇಡಿ. ತುಂಬಿದ ಗರ್ಭದ ಭಾರ ಬೆನ್ನಿನ ಕಡೆಯ ದೊಡ್ಡ ರಕ್ತನಾಳದ ಮೇಲೆ ಬೀಳುತ್ತದೆ, ಕೂಸಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಎಡ ಮಗ್ಗಲಿಗೆ ಮಲಗಿ, ಇಲ್ಲವೇ ಕೂತಿರಿ, ಓಡಾಡಿ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೊಟ್ಟ ಸಲಹೆಗಳಲ್ಲೂ ಇದೇ ಇದೆ. ಓಡಾಡಲು ಬಿಡಿ, ಬೇಕಾದ ಹಾಗೆ ಕೂರಲು ಬಿಡಿ, ಹೊಟ್ಟೆ ಒತ್ತಬೇಡಿ, ಕೂಸು ಬರುವ ದಾರಿಗೆ ಎಲ್ಲರಿಗೂ ಸುಮ್ನೆ ಕತ್ತರಿ ಹಾಕಬೇಡಿ ಎಂದು ಅದು ಹೇಳುತ್ತದೆ. ಗರ್ಭಕೋಶದ ಬಾಯಿ ಐದು ಸೆಂಟಿಮೀಟರ್ ತೆರೆದ ಮೇಲೂ ಚೊಚ್ಚಲಲ್ಲಿ 12 ತಾಸಿನವರೆಗೆ ಹಿಡಿಯಬಹುದು, ಆಮೇಲಿನವಕ್ಕೆ 10 ತಾಸು. ತಾಸಿಗೆ ಒಂದು ಸೆಂಟಿಮೀಟರ್ ತೆರೆಯಲೇಬೇಕು ಎಂಬ ಹಳೆಯ ಲೆಕ್ಕವನ್ನು ಈಗ ಬಿಟ್ಟಿದ್ದಾರೆ. ತಾಯಿ, ಕೂಸು ಇಬ್ಬರೂ ಹುಷಾರಾಗಿದ್ದರೆ ನಿಧಾನ ಎಂಬುದು ರೋಗವಲ್ಲ.

2000ದಲ್ಲಿ ಮಗ ಹುಟ್ಟಿದಾಗ ನಾನು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ಹೋದೆ. ಅಲ್ಲೊಬ್ಬ ವಯಸ್ಸಾದ ಸಿಸ್ಟರ್ ಇದ್ದರು. ಬಿಪಿ ನೋಡಿದರು, ಕೂಸಿನ ಎದೆಬಡಿತ ಕೇಳಿದರು, "ಕಿಟಕಿ ಹಿಡಕೊಂಡು ನಿಲ್ಲು ತಂಗಿ, ನಾ ಇಲ್ಲೇ ಇರ್ತೀನಿ" ಎಂದು ಕುರ್ಚಿಯಲ್ಲಿ ಕೂತರು. ಅತ್ತೆ ನನ್ನ ಸೊಂಟ ಉಜ್ಜುತ್ತಿದ್ದರು. ಸಿಸ್ಟರ್ ಆಗಾಗ ಎದ್ದು ಬಂದು ಎದೆಬಡಿತ ಕೇಳಿ ಮತ್ತೆ ಕೂರುತ್ತಿದ್ದರು. ಯಾರೂ ಮುಕ್ಕು ಎನ್ನಲಿಲ್ಲ. ಒಂದು ಹೊತ್ತಿಗೆ ಮೈ ತಾನೇ ಮುಕ್ಕಿತು. ತಡೆಯುತ್ತೇನೆ ಎಂದರೂ ಆಗುತ್ತಿರಲಿಲ್ಲ. ಆ ಒತ್ತಡ ಬರುವವರೆಗೆ ಕಾಯಿರಿ. ಬಂದಾಗ ಅದರ ಜೊತೆ ಹೋಗಿ. ತಲೆ ಬರುವಾಗ ಮಾತ್ರ ಸಿಸ್ಟರ್ ಹೇಳಿದಂತೆ ನಿಧಾನ ಮಾಡಿ, ಉಸಿರು ಬಿಡಿ. ಕೆಳಗೆ ಮೈ ಹರಿಯುವುದು ಕಡಿಮೆಯಾಗುತ್ತದೆ.

ಎಮ್ಮೆಯಂತೆ ಮಾಡಬಾರದ ಕಡೆ

ಇದನ್ನು ಓದಿ ಯಾರೂ ಮನೆಯಲ್ಲೇ ಹಡೆಯುತ್ತೇನೆ ಎಂದು ಕೂರಬಾರದು. ಹಾಗಾದರೆ ನಾನು ಬರೆದದ್ದೇ ತಪ್ಪಾಗುತ್ತದೆ.

ಎಮ್ಮೆಗೂ ನಮಗೂ ವ್ಯತ್ಯಾಸ ಇದೆ. ನಾವು ಎರಡು ಕಾಲಿನ ಮೇಲೆ ನಿಂತವರು. ಸೊಂಟದೊಳಗಿನ ದಾರಿ ಇಕ್ಕಟ್ಟು, ನಮ್ಮ ಕೂಸಿನ ತಲೆ ದೊಡ್ಡದು. ಕೂಸು ತಿರುಗಿ ತಿರುಗಿ ಹೊರಗೆ ಬರಬೇಕು. ಅದಕ್ಕೇ ಎಮ್ಮೆ ಒಂಟಿಯಾಗಿ ಈಯಲು ಮೂಲೆ ಹುಡುಕಿದರೆ, ಹೆಣ್ಣು ಇನ್ನೊಬ್ಬ ಹೆಣ್ಣನ್ನು ಹುಡುಕುತ್ತಾಳೆ. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಂಥ ಕೈಗಳು ಊರೂರಲ್ಲೂ ಇದ್ದವು. ಈಗ ಆ ಜಾಗದಲ್ಲಿ ತರಬೇತಿ ಪಡೆದ ಸಿಸ್ಟರ್ ಇದ್ದಾರೆ, ರಕ್ತ ಇದೆ, ಆಪರೇಷನ್ ಇದೆ. ಬೇಕಾದಾಗ ಅದು ಕೈಗೆ ಸಿಗುವ ಕಡೆಯೇ ಹಡೆಯಬೇಕು.

ಮತ್ತೆ, ಕೊಟ್ಟಿಗೆಯಲ್ಲಿ ಎಲ್ಲವೂ ಸರಿಯಾಗಿಯೇ ಆಗುತ್ತದೆ ಎಂಬುದೂ ಸುಳ್ಳು. ಪಕ್ಕದ ಹೊಲದವರ ಎಮ್ಮೆ ಒಂದು ದಿನವೆಲ್ಲ ಒದ್ದಾಡಿತು. ನೀರಿನ ಚೀಲವೇ ಕಾಣಲಿಲ್ಲ. ಈಯುತ್ತದೆ ಬಿಡು ಎಂದು ಅವರು ಕಾದರು. ಕೊನೆಗೆ ಬಂದ ದನದ ಡಾಕ್ಟರ್ ಕೈ ಹಾಕಿ ನೋಡಿ ಗರ್ಭಕೋಶ ತಿರುಚಿಕೊಂಡಿದೆ ಎಂದರು. ಎಮ್ಮೆಗಳಲ್ಲಿ ಇದು ಜಾಸ್ತಿ. ಎಮ್ಮೆಯನ್ನು ಮಗ್ಗಲಿಗೆ ಕೆಡವಿ, ಹೊಟ್ಟೆಯ ಮೇಲೆ ಹಲಗೆ ಇಟ್ಟು, ಒಬ್ಬರನ್ನು ಅದರ ಮೇಲೆ ನಿಲ್ಲಿಸಿ, ಕಾಲಿಗೆ ಹಗ್ಗ ಕಟ್ಟಿ ಉರುಳಿಸಿದರು. ತಿರುಚು ಬಿಚ್ಚಿತು, ಎಮ್ಮೆ ಉಳಿಯಿತು. ಕರು ಆಗಲೇ ಸತ್ತಿತ್ತು. ಬೆಳಗ್ಗೆಯೇ ದನದ ಡಾಕ್ಟರನ್ನು ಕರೆಸುವ 1962 ನಂಬರಿಗೆ ಫೋನ್ ಮಾಡಿದ್ದರೆ ಅದೂ ಉಳಿಯುತ್ತಿತ್ತೇನೋ.

ಚಂದ್ರಿ ಈಯುವಾಗ ಅತ್ತೆ ದೂರ ಕೂತಿದ್ದರು, ಆದರೆ ಕಣ್ಣು ಮುಚ್ಚಿರಲಿಲ್ಲ. ನೀರಿನ ಚೀಲ ಒಡೆದು ಎರಡು ತಾಸಾದರೂ ಮುಂದೆ ಏನೂ ಆಗದಿದ್ದರೆ ಡಾಕ್ಟರ್. ಗೊರಸಿನ ಅಂಗಾಲು ಮೇಲ್ಮುಖ ಇದ್ದರೆ, ಒಂದೇ ಕಾಲು ಬಂದರೆ, ಬಾಲ ಬಂದರೆ ಡಾಕ್ಟರ್. ಈ ಲೆಕ್ಕ ಅವರ ತಲೆಯಲ್ಲಿತ್ತು. ನಿಮ್ಮ ಜೊತೆಗಿರುವವರ ತಲೆಯಲ್ಲೂ ಇಂಥದೇ ಲೆಕ್ಕ ಇರಬೇಕು.

ಬಸುರಿನಲ್ಲಿ ಅಥವಾ ಬೇನೆಯಲ್ಲಿ ರಕ್ತ ಹೋದರೆ ಒಂದು ನಿಮಿಷವೂ ಕಾಯಬೇಡಿ. ತಲೆ ಸಿಡಿಯುವ ನೋವು, ಕಣ್ಣು ಮಂಜು, ಮುಖ ಊದುವುದು, ಫಿಟ್ಸ್, ಇವು ಬಿಪಿ ಏರಿದ ಗುರುತು. ಬಿಪಿ 140/90 ಮುಟ್ಟಿದರೆ ಆವತ್ತೇ ಡಾಕ್ಟರ್ ನೋಡಬೇಕು. ನೀರು ಹಸಿರಾಗಿ ಹೋದರೆ ಹೊರಡಿ. ಜ್ವರ ಬಂದರೆ, ಕೂಸಿನ ಆಟ ಕಡಿಮೆ ಅನಿಸಿದರೆ ಹೊರಡಿ. ಹಿಂದೆ ಆಪರೇಷನ್ ಆಗಿದ್ದರೆ, ಅವಳಿ ಇದ್ದರೆ, ಕೂಸು ಅಡ್ಡ ಅಥವಾ ಕುಂಡಿ ಕೆಳಗೆ ಇದ್ದರೆ ಆಪರೇಷನ್ ಸೌಲಭ್ಯ ಇರುವ ದೊಡ್ಡ ಆಸ್ಪತ್ರೆಯೇ ಆಗಬೇಕು. ನಮ್ಮ ಓಣಿಯ ಒಬ್ಬ ಹುಡುಗಿಯ ಕೂಸು ಅಡ್ಡ ಇತ್ತು. ಆಪರೇಷನ್ ಆಯಿತು. "ನನಗೆ ಹಡೆಯಾಕ ಬರಲಿಲ್ಲ ಅಕ್ಕಾ" ಎಂದು ಅತ್ತಳು. ನಾನೂ ಒಂದು ಕಾಲಕ್ಕೆ ಹಾಗೇ ಅತ್ತವಳು. ಅಡ್ಡ ಬಂದ ಕರುವನ್ನು ಡಾಕ್ಟರ್ ತೆಗೆದರೆ ಎಮ್ಮೆಯನ್ನು ಯಾರಾದರೂ ಬೈಯುತ್ತಾರಾ ಎಂದು ಕೇಳಿದೆ. ಕೂಸನ್ನು ಅವಳ ಎದೆಗೆ ಹಾಕಿದೆ.

ಕೂಸು ಬಂದ ಮೇಲೆ

ಎಮ್ಮೆಯ ಮಾಸು ಬೀಳಲು ಎಂಟು ಹತ್ತು ತಾಸು ಹಿಡಿಯಬಹುದು. ನಮಗೆ ಅಷ್ಟು ಹೊತ್ತು ಇಲ್ಲ. ಅರ್ಧ ತಾಸಿನೊಳಗೆ ಬರಬೇಕು. ಆದರೆ ಮನೆಯವರು ಯಾರೂ ಹೊಕ್ಕುಳಬಳ್ಳಿ ಹಿಡಿದು ಎಳೆಯಬಾರದು, ಎಮ್ಮೆಗೂ ಎಳೆಯಬಾರದು. ಗರ್ಭಕೋಶವೇ ಹೊರಗೆ ಬಂದೀತು. ಕೂಸು ಹುಟ್ಟಿದ ಕೂಡಲೇ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಸೂಜಿ ಕೊಡುತ್ತಾರೆ. ಅದು ಬೇಡ ಎನ್ನಬೇಡಿ. ರಕ್ತ ನಿಲ್ಲಿಸುವುದೇ ಅದು. ಆಮೇಲೂ ಒಂದು ತಾಸಿನೊಳಗೆ ಪ್ಯಾಡ್ ಪೂರ್ತಿ ನೆನೆದರೆ ಕೂಗಿ ಕರೆಯಿರಿ.

ಬಳ್ಳಿಯನ್ನು ಒಂದು ನಿಮಿಷವಾದರೂ ಬಿಟ್ಟು ಕತ್ತರಿಸಿ ಎಂದು ಕೇಳಿಕೊಳ್ಳಿ. ಅದರೊಳಗಿನ ರಕ್ತ ಕೂಸಿನದೇ. ಕರುವಿನ ಹೊಕ್ಕುಳಿಗೆ ನಾವು ಅಯೋಡಿನ್ ಹಚ್ಚುತ್ತೇವೆ. ಕೂಸಿನ ಹೊಕ್ಕುಳಿಗೆ ಅರಿಶಿನ, ಬೂದಿ, ಎಣ್ಣೆ ಏನೂ ಬೇಡ. ಒಣಗಲು ಬಿಡಿ.

ಎಮ್ಮೆ ಕರುವನ್ನು ನೆಕ್ಕಿ ನೆಕ್ಕಿ ಒಣಗಿಸುತ್ತದೆ. ಅದರಿಂದ ಕರುವಿಗೆ ಉಸಿರು ಚೆನ್ನಾಗಿ ಬರುತ್ತದೆ, ತಾಯಿಗೆ ಗುರುತು ಸಿಗುತ್ತದೆ. ಕೂಸನ್ನು ಒಣಬಟ್ಟೆಯಲ್ಲಿ ಒರೆಸಿ ಬರಿಮೈಯಲ್ಲೇ ತಾಯಿಯ ಎದೆಗೆ ಹಾಕಿ, ಮೇಲೆ ಬಟ್ಟೆ ಹೊದಿಸಿ. ಒಂದು ತಾಸಿನೊಳಗೆ ಹಾಲು ಕುಡಿಸಿ. ಮೊದಲ ಹಳದಿ ಹಾಲು ಕೆಟ್ಟದ್ದು ಎಂದು ಹಿಂಡಿ ಚೆಲ್ಲುವವರು ಇನ್ನೂ ಇದ್ದಾರೆ. ಗಿಣ್ಣ ಕುಡಿಯದ ಕರು ಬದುಕುವುದು ಕಷ್ಟ ಎಂದು ಅವರಿಗೂ ಗೊತ್ತು. ಕರುವಿಗೆ ರೋಗ ತಡೆಯುವ ಶಕ್ತಿ ಗಿಣ್ಣದಿಂದಲೇ ಬರಬೇಕು. ನಮ್ಮ ಕೂಸಿಗೆ ಸ್ವಲ್ಪ ಹೊಟ್ಟೆಯಲ್ಲೇ ಸಿಕ್ಕಿರುತ್ತದೆ, ಉಳಿದದ್ದು ಆ ಹಳದಿ ಹಾಲಿನಲ್ಲಿದೆ. ಸಕ್ಕರೆ ನೀರು, ಜೇನು ಯಾವುದೂ ಬೇಡ. ಮೊದಲ ದಿನ ಕೂಸಿಗೆ ಎರೆಯಬೇಡಿ. ಮೈ ತಣ್ಣಗಾಗುತ್ತದೆ. ಎರೆಯುವ ಅಜ್ಜಿ ಬಂದು ಕೂತಿದ್ದರೂ ನಾಳೆ ಬಾ ಅಜ್ಜಿ ಎನ್ನಿ.

ನೋಡಲು ಬರುವವರನ್ನು ಎರಡು ದಿನ ತಡೆಯಿರಿ. ಈ ಕೆಲಸ ಬಾಣಂತಿಯದಲ್ಲ, ಅವಳ ಅವ್ವನದು. ನಮ್ಮ ಮನೆಯಲ್ಲಿ ಅಂಟಿನುಂಡಿಗೆ ಕೊಬ್ಬರಿ ತುರಿದಿಟ್ಟಾಗಿದೆ. ಮಗಳಿಗೆ ಈಗ 38ನೇ ವಾರ. ನಿನ್ನೆ ಆಸ್ಪತ್ರೆಗೆ ಹೋಗಿ ಹೆರಿಗೆ ಕೋಣೆ ತೋರಿಸಿಕೊಂಡು ಬಂದೆ. ಕಿಟಕಿ ಎಲ್ಲಿದೆ ಎಂದು ಅವಳೇ ನೋಡಿಕೊಂಡಳು.